ಪುಟಸಂಖ್ಯೆ ಇಲ್ಲದ ಅಡುಗೆಯವನು

ನನ್ನ ನೆನಪಿನ ಶಕ್ತಿಯ ಮೇಲೆ ನನಗಿರುವಷ್ಟು ಅನುಮಾನ ನನ್ನ ಹೆಂಡತಿಗೂ ಇಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಲಿಫ್ಟಿನಿಂದ ಮೂರು ಸಲ ಹಿಂದಕ್ಕೆ ಬಂದು ನೋಡುವವನು ನಾನು. ‘ಆರಿಸಿದ್ದೀರಿ, ಹೊರಡಿ’ ಎಂದು ಬಾಗಿಲು ಹಾಕಿಕೊಳ್ಳುವವಳು ಅವಳು. ಇದಕ್ಕೆ ಕಾರಣ ವಯಸ್ಸಲ್ಲ, ವಿದ್ಯೆ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮಾಡುವಾಗ ನನ್ನ ತಲೆಗೆ ಇಳಿದದ್ದು ಒಂದೇ ಮಾತು: ಆಧಾರ ಎಲ್ಲಿ? ಆ ಪ್ರಶ್ನೆಯನ್ನು ರಾಜಮಹಾರಾಜರಿಗೆ ಕೇಳುವ ಕೆಲಸ ಸಿಗಲಿಲ್ಲ. ಚರ್ಚ್‌ಗೇಟಿನ ವಿಮಾ ಕಚೇರಿಯೊಂದರಲ್ಲಿ ಕೂತು, ಸ್ಕೂಟರಿಗೆ ಎಮ್ಮೆ ಗುದ್ದಿತೆಂದು ಅರ್ಜಿ ಹಾಕಿದವರಿಗೆ ಕೇಳುತ್ತ ಬಂದೆ. ಮನೆಯಲ್ಲಿ ಕೇಳಿ ಬೈಸಿಕೊಂಡೆ. ಕೊನೆಗೆ ಅದನ್ನು ಹಕ್ಕಿನಿಂದ ಕೇಳಬಹುದಾದ ಒಂದು ಜಾಗ ಸಿಕ್ಕಿತು. ಅದೇ ನಮ್ಮ ಪುಸ್ತಕ ಕೂಟ.

ಅಂಧೇರಿ ಸ್ಟೇಷನ್ನಿನ ಹತ್ತಿರ ಉಡುಪಿಯ ಸದಾನಂದಣ್ಣನ ಹೋಟೆಲು ಇದೆ. ತಿಂಗಳಿಗೊಂದು ಭಾನುವಾರ, ಇಡ್ಲಿಯ ಗದ್ದಲ ಮುಗಿದು ಊಟದ ಗದ್ದಲ ಶುರುವಾಗುವ ನಡುವೆ, ಮಹಡಿಯ ಎ.ಸಿ. ರೂಮಿನಲ್ಲಿ ನಾವು ಹನ್ನೊಂದು ಜನ ಕೂತು ಐತಿಹಾಸಿಕ ಕಾದಂಬರಿಗಳನ್ನು ಚರ್ಚಿಸುತ್ತೇವೆ. ನನಗೆ ಈ ಕೂಟದ ಬಗ್ಗೆ ಇರುವ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ. ಶಾಲು ಹೊದಿಸದೆ, ಅಧ್ಯಕ್ಷರ ನುಡಿ ಇಲ್ಲದೆ, ಆರುನೂರು ಪುಟಗಳ ಕನ್ನಡ ಕಾದಂಬರಿಯನ್ನು ಓದಿ ಮುಗಿಸುವ ಇನ್ನೊಂದು ಗುಂಪು ಈ ಮಹಾನಗರದಲ್ಲಿದ್ದರೆ ತೋರಿಸಿ. ಆಧಾರ ಸಮೇತ ತೋರಿಸಬೇಕು.

ಕೂಟದ ಕಾನೂನು ನನ್ನದೇ. ಮಾತಾಡಲು ಎದ್ದವರು ಮೊದಲು ಪುಟಸಂಖ್ಯೆ ಹೇಳಬೇಕು. ಪುಟ ಕೊಡಲಾಗದವರು ಕೂತುಕೊಳ್ಳಬೇಕು. ಇದು ಕಠಿಣ ಅನ್ನಿಸಬಹುದು. ಆದರೆ ಇತಿಹಾಸ ಎಂದ ಕೂಡಲೇ ನಮ್ಮವರಿಗೆ ಅಜ್ಜಿ ಹೇಳಿದ್ದು, ಸೀರಿಯಲ್ಲಿನಲ್ಲಿ ನೋಡಿದ್ದು ಎಲ್ಲ ಒಟ್ಟಿಗೆ ಉಕ್ಕಿ ಬರುತ್ತದೆ. ಈ ಕಾನೂನಿಗೆ ಮೊದಲು ಸಿಕ್ಕವರು ದಸ್ತಗೀರ್ ಸಾಹೇಬರು. ವಿಜಾಪುರದ ಕಡೆಯವರು, ಬೈಕುಲ್ಲಾದಲ್ಲಿ ಹೊಲಿಗೆ ಮಷಿನ್ ರಿಪೇರಿಯ ವರ್ಕ್‌ಶಾಪು ಇಟ್ಟವರು. ಒಬ್ಬ ಸುಲ್ತಾನನ ಆನೆಯ ಬಗ್ಗೆ ಬಹಳ ಚೆನ್ನಾಗಿ ಮಾತಾಡುತ್ತಿದ್ದಾಗ ನಾನು ‘ಪುಟ?’ ಎಂದೆ. ಅವರು ಕೂತರು. ಅದರ ಮರುತಿಂಗಳಿಂದ ಅವರ ಪುಸ್ತಕದಲ್ಲಿ ಪುಟಕ್ಕೊಂದರಂತೆ, ಗುರುತಿಗಿಟ್ಟ ಲೋಕಲ್ ರೈಲಿನ ಟಿಕೆಟುಗಳು ಚಾಚಿಕೊಂಡಿರುತ್ತವೆ.

ಈ ಸಲ ಕಾದಂಬರಿ ಆರಿಸುವಾಗ ದಸ್ತಗೀರ್ ಸಾಹೇಬರು ಒಂದು ಷರತ್ತು ಹಾಕಿದರು. ಬರೇ ಕಿರೀಟ ಹಾಕಿಕೊಂಡವರ ಕತೆ ಸಾಕು, ಪುಸ್ತಕದಲ್ಲಿ ಯಾರಾದರೂ ಒಬ್ಬರು ಕೆಲಸ ಮಾಡುವವರು ಇರಬೇಕು. ಸದಾನಂದಣ್ಣನಿಗೆ ಯುದ್ಧ ಇದ್ದರೂ ಆದೀತು, ಸೈನ್ಯ ಏನು ತಿಂದಿತು ಎಂದು ಬರೆದಿರಬೇಕು. ಆಗ ನನಗೆ ಥಟ್ಟನೆ ನೆನಪಾದದ್ದು ಹಾಸ್ಟೆಲ್ಲಿನಲ್ಲಿ ಓದಿದ್ದ, ಒಬ್ಬ ರಾಣಿ ಮತ್ತು ಅವಳ ಬೆಟ್ಟದ ಕೋಟೆಯ ಕಾದಂಬರಿ. ಅದರಲ್ಲಿ ಒಬ್ಬ ಮುದಿ ಅಡುಗೆಯವನಿದ್ದಾನೆ, ಅವನಿಗಾಗಿಯೇ ಓದಬೇಕು ಎಂದೆ. ಎಲ್ಲರೂ ಒಪ್ಪಿದರು.

ತೊಂದರೆ ಎಂದರೆ ಪ್ರತಿಗಳು ಸಿಕ್ಕಿದ್ದು ಮೂರೇ. ನನಗೊಂದು, ಸದಾನಂದಣ್ಣನಿಗೊಂದು, ದಸ್ತಗೀರ್ ಸಾಹೇಬರಿಗೊಂದು. ಉಳಿದವರಲ್ಲಿ ಹೆಚ್ಚಿನವರು ಇಲ್ಲೇ ಹುಟ್ಟಿದ ಹುಡುಗ ಹುಡುಗಿಯರು. ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಇಷ್ಟು ದಿನ ಮನೆಯ ಹಿರಿಯರಿಂದ ಓದಿಸಿ ಕೇಳಿಕೊಂಡು ಬರುತ್ತಿದ್ದರು, ಈ ಸಲ ಅದಕ್ಕೂ ಪ್ರತಿಯಿಲ್ಲ. ಹಾಗಾಗಿ ಕಾದಂಬರಿಯನ್ನು ನಾನೇ ಓದಿ, ವಾಟ್ಸಾಪಿನಲ್ಲಿ ವಾಯ್ಸ್ ನೋಟ್ ಕಳಿಸುವುದೆಂದು ತೀರ್ಮಾನವಾಯಿತು. ಬೆಳಗ್ಗೆ ಬೊರಿವಲಿಯಲ್ಲಿ ಗಾಡಿ ಹತ್ತಿದರೆ ಸೀಟು ಸಿಗುತ್ತದೆ, ಪುಸ್ತಕ ಬಿಚ್ಚಿ ಓದಬಹುದು. ಸಂಜೆ ವಾಪಸಾಗುವಾಗ ಪುಸ್ತಕವಿರಲಿ, ಮೊಣಕೈ ಬಿಚ್ಚಲೂ ಜಾಗವಿಲ್ಲ. ಆದರೂ ಕೂಟದ ಮಕ್ಕಳು ಕಾಯುತ್ತಿರುತ್ತಾರಲ್ಲ! ಹೇಗೂ ಓದಿದ್ದ ಕಾದಂಬರಿ ಎಂದು ಕೆಲವು ಸಂಜೆ ಪುಸ್ತಕ ಬ್ಯಾಗಿನಲ್ಲಿದ್ದಂತೆಯೇ, ಫೋನು ಬಾಯಿಗೆ ಹಿಡಿದು, ನೆನಪಿನಿಂದ ಕತೆ ಮುಂದುವರಿಸಿದೆ. ರಾಣಿ ಕೋಟೆ ಬಿಟ್ಟುಕೊಡಲು ನಿರಾಕರಿಸುವ ಭಾಗದಲ್ಲಿ ನನ್ನ ದನಿಯ ಏರಿಳಿತ ಕೇಳಿ, ಭಾಷೆ ಬಾರದ ಪಕ್ಕದ ಗುಜರಾತಿ ಗೃಹಸ್ಥರು, ಫ್ಲ್ಯಾಟಿನ ತಕರಾರೇ ಎಂದು ಹಿಂದಿಯಲ್ಲಿ ಅನುಕಂಪದಿಂದ ವಿಚಾರಿಸಿದರು.

ಚರ್ಚೆಯ ದಿನ ಮೊದಲು ಎದ್ದವಳು ಪ್ರತೀಕ್ಷಾ. ಅಂಧೇರಿಯಲ್ಲೇ ಸಿನಿಮಾ ಎಡಿಟಿಂಗ್ ಕೆಲಸ ಮಾಡುವ ಹುಡುಗಿ. ಒಂದು ವರ್ಷದಿಂದ ಬರುತ್ತಿದ್ದರೂ ಬಾಯಿ ಬಿಟ್ಟವಳಲ್ಲ. ಆವತ್ತು ಮೊದಲ ಸಲ ಕನ್ನಡದಲ್ಲಿ ಹತ್ತು ನಿಮಿಷ ಮಾತಾಡುತ್ತೇನೆಂದು ಬರೆದುಕೊಂಡು ಬಂದಿದ್ದಳು. ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದ ನಾಲ್ಕು ಹಾಳೆ. ಮಗಳ ಬಾಯಲ್ಲಿ ನಾಲ್ಕು ಮಾತು ಕನ್ನಡ ಕೇಳಬೇಕೆಂದು ಅವಳ ತಾಯಿಯೂ ಬಂದು ಹಿಂದಿನ ಮೇಜಿನಲ್ಲಿ ಕೂತಿದ್ದರು. “ನಾನು ಅಡುಗೆಯವನ ಬಗ್ಗೆ ಮಾತಾಡ್ತೀನಿ” ಎಂದು ಶುರುಮಾಡಿದಳು. ನಾನು ಹೆಮ್ಮೆಯಿಂದ ಸುತ್ತ ನೋಡಿದೆ.

ದಸ್ತಗೀರ್ ಸಾಹೇಬರು ತಮ್ಮ ಟಿಕೆಟುಗಳ ನಡುವೆ ಬೆರಳಾಡಿಸುತ್ತ ಮೆಲ್ಲಗೆ, “ಪುಟ ಎಷ್ಟವ್ವಾ?” ಎಂದರು.

“ಪುಟ ಇಲ್ಲ ಅಂಕಲ್. ವಾಯ್ಸ್ ನೋಟ್ ನಂಬರ್ ಹದಿನೇಳು.”

“ನಾ ಎರಡ ಸಲ ಓದೇನಿ. ಈ ಅಡಿಗಿಯಾಂವ ನನಗೆಲ್ಲೂ ಭೆಟ್ಟಿ ಆಗಲಿಲ್ಲ.”

“ನನಗೂ ಸಿಗಲಿಲ್ಲ ಮಾರಾಯ್ರೆ,” ಎಂದರು ಸದಾನಂದಣ್ಣ. “ನಾನು ಹುಡುಕಿದ್ದೇ ಅವನನ್ನು.”

ಪ್ರತೀಕ್ಷಾ ಫೋನ್ ಮೇಜಿನ ಮೇಲಿಟ್ಟು ಹದಿನೇಳನ್ನು ಹಚ್ಚಿದಳು. ನನ್ನದೇ ದನಿ, ಹಿಂದೆ ದಾದರ್ ಬಂತೆಂಬ ಘೋಷಣೆ. ಕೋಟೆ ಒಪ್ಪಿಸೆಂದು ಶತ್ರುವಿನ ದೂತರು ಬಂದಿದ್ದಾರೆ. ಜನರನ್ನು ಹಿಂದಿನ ಕಣಿವೆಯಿಂದ ಸಾಗಿಸಲು ರಾಣಿಗೆ ಮೂರು ದಿನ ಬೇಕು. ಬರಿಹೊಟ್ಟೆಯಲ್ಲಿ ಉತ್ತರ ಕೇಳಬಾರದೆಂದು ಮುದಿ ಅಡುಗೆಯವನು ದೂತರನ್ನು ಎಲೆಯ ಮುಂದೆ ಕೂರಿಸುತ್ತಾನೆ. ಅವರು ಏಳುವ ಹೊತ್ತಿಗೆ ಇನ್ನೊಂದು ಬಗೆ ಬರುತ್ತದೆ, ಮತ್ತೊಂದು ಬರುತ್ತದೆ. ಮೂರನೇ ದಿನ ತೂಕಡಿಸುತ್ತ ಎದ್ದು ನೋಡಿದರೆ ಕೋಟೆ ಖಾಲಿ. ಅವನೊಬ್ಬನೇ ಕೂತು ಹಂಡೆ ತಿಕ್ಕುತ್ತಿದ್ದಾನೆ. ಉತ್ತರ ಏನೆಂದು ಕೇಳಿದರೆ, ‘ಊಟ ಆಯಿತಲ್ಲ, ಹೋಗಿ ಬನ್ನಿ’ ಅನ್ನುತ್ತಾನೆ. ಕೇಳುತ್ತ ಕೇಳುತ್ತ ನನಗೆ ನೆನಪಾಯಿತು. ಆವತ್ತು ದಾದರಿನಲ್ಲಿ ಪುಸ್ತಕ ಬ್ಯಾಗಿನಲ್ಲಿತ್ತು.

ವಿದ್ಯಾವಂತ ಅಷ್ಟು ಸುಲಭವಾಗಿ ತಪ್ಪೊಪ್ಪಿಕೊಳ್ಳುವುದಿಲ್ಲ. ಮೊದಲ ಮುದ್ರಣದಲ್ಲಿ ಇದ್ದಿರಬಹುದು, ಆಮೇಲಿನವುಗಳಲ್ಲಿ ಕೈಬಿಟ್ಟಿರಬಹುದು ಎಂದೆ. ದಸ್ತಗೀರ್ ಸಾಹೇಬರು ತಮ್ಮ ಪುಸ್ತಕದ ಮೊದಲ ಹಾಳೆ ತೆರೆದು ನನ್ನ ಮುಂದಿಟ್ಟರು. ಅದು ಮೊದಲ ಮುದ್ರಣವೇ. ಪ್ರತೀಕ್ಷಾ ತನ್ನ ನಾಲ್ಕು ಹಾಳೆಗಳನ್ನು ಮಡಚತೊಡಗಿದ್ದಳು. ಅವಳ ತಾಯಿ ಯಾರನ್ನು ನೋಡಬೇಕೆಂದು ತಿಳಿಯದೆ ನೀರಿನ ಲೋಟವನ್ನು ನೋಡುತ್ತಿದ್ದರು. ಕಾನೂನಿನ ಪ್ರಕಾರ ಹುಡುಗಿ ಕೂತುಕೊಳ್ಳಬೇಕು. ಒಮ್ಮೆ ಕೂತರೆ ಇವಳು ಮತ್ತೆ ಏಳುವವಳಲ್ಲ ಎಂದು ನನಗೆ ಗೊತ್ತಿತ್ತು. ಇದಕ್ಕೆ ಆಧಾರ ಬೇಕಿರಲಿಲ್ಲ. ಎದ್ದು ನಿಂತು, ಅಡುಗೆಯವನು ಪುಸ್ತಕದಲ್ಲಿಲ್ಲ, ಎಲ್ಲಿಂದ ಬಂದನೋ ನನಗೆ ಗೊತ್ತಿಲ್ಲ, ಬಹುಶಃ ನಾನೇ ಕಟ್ಟಿದ್ದು ಎಂದೆ.

ದಸ್ತಗೀರ್ ಸಾಹೇಬರು ತಮ್ಮ ಪುಸ್ತಕವನ್ನು ವಾಪಸು ಎಳೆದುಕೊಂಡರು. “ಕಾನೂನ ನಿಮ್ಮದ ಐತಿ ಸರ. ಪುಟ ಕೊಡಲಾರದವರು ಕೂಡಬೇಕು. ಪುಟ ಕೊಡಬೇಕಾದವರು ನೀವು. ನೀವ ಕೂಡ್ರಿ. ಆಕಿ ಮಾತಾಡಲಿ.”

ನಾನು ಕೂತೆ. ಅವಳು ಮಾತಾಡಿದಳು. ಎರಡನೇ ಹಾಳೆಯ ಹೊತ್ತಿಗೆ ಕಾಗದ ನೋಡುವುದನ್ನೇ ಬಿಟ್ಟಳು. ಮಾತು ಸಿಗದಲ್ಲಿ ಹಿಂದಿಗೆ ಹೋಗಿ, ಅಲ್ಲಿಂದ ಮತ್ತೆ ತಾನೇ ಕನ್ನಡಕ್ಕೆ ವಾಪಸು ಬಂದಳು. “ಎಲ್ಲರೂ ಹೋದ್ರು. ಅವನು ಪಾತ್ರೆ ತೊಳೀತಾ ಇದ್ದ. ಮತ್ಲಬ್, ಯಾರಾದ್ರೂ ಒಬ್ರು ತೊಳೀಬೇಕಲ್ಲ” ಎಂದಾಗ ಸದಾನಂದಣ್ಣ ಎದ್ದು ಕೆಳಗೆ ಹೋಗಿ, ತಮ್ಮ ಅಡುಗೆಯ ನಾರಾಯಣಣ್ಣನೂ ಕೇಳಲಿ ಎಂದು ಮೇಲಕ್ಕೆ ಕರೆತಂದರು. ಆತ ಹೆಗಲ ಬೈರಾಸಿನಲ್ಲಿ ಕೈ ಒರೆಸಿಕೊಳ್ಳುತ್ತ ಕೊನೆಯವರೆಗೂ ನಿಂತು ಕೇಳಿ, ಒಂದೇ ಪ್ರಶ್ನೆ ಹಾಕಿದ: ಮೂರು ದಿನದ ಊಟಕ್ಕೆ ಜನ ಎಷ್ಟು?

“ನಲವತ್ತು” ಎಂದೆ ನಾನು, ಒಂದು ಕ್ಷಣವೂ ತಡೆಯದೆ. ಆ ಲೆಕ್ಕ ವಾಯ್ಸ್ ನೋಟಿನಲ್ಲೂ ಇರಲಿಲ್ಲ. ಕೂಟವೆಲ್ಲ ನನ್ನತ್ತ ತಿರುಗಿತು.

ಆ ತಿಂಗಳ ಅತ್ಯುತ್ತಮ ಪಾತ್ರವೆಂದು ಕೂಟ ಅಡುಗೆಯವನನ್ನೇ ಆರಿಸಿತು. ರಾಣಿಗೆ ಎರಡು ಮತ. ಪ್ರತೀಕ್ಷಾಳ ತಾಯಿ ಹೊರಡುವಾಗ ನನಗೆ ಕೈಮುಗಿದರು. ಮನೆಗೆ ಬರುವಷ್ಟರಲ್ಲಿ ನಾಚಿಕೆ ಇಳಿದು ಆ ಜಾಗದಲ್ಲಿ ಹೆಮ್ಮೆ ಕೂತಿತ್ತು. ಎಂಟು ನಿಮಿಷದ ಒಂದು ವಾಯ್ಸ್ ನೋಟಿನಲ್ಲಿ ಒಬ್ಬ ಮನುಷ್ಯನನ್ನು ಸೃಷ್ಟಿಸಿದ್ದೇನಲ್ಲ! ಹೆಂಡತಿಗೆ ಹೇಳಿದೆ. ಅವಳು ಸಮಾಧಾನವಾಗಿ, ಬೇರೆ ಯಾವ ಪುಸ್ತಕದಲ್ಲಿ ಓದಿದ್ದನ್ನು ಮರೆತಿದ್ದೀರೋ ಎಂದಳು.

ಅಂದಿನಿಂದ ನಿದ್ದೆ ಸರಿಯಿಲ್ಲ. ಮುಂದಿನ ತಿಂಗಳಿಗೆ ದಸ್ತಗೀರ್ ಸಾಹೇಬರು ಒಂದು ದಪ್ಪ ಕಾದಂಬರಿ ಸೂಚಿಸಿದ್ದಾರೆ. ಕೋಟೆ ಇದೆ, ಮುತ್ತಿಗೆ ಇದೆ, ದೊಡ್ಡ ಅಡುಗೆಮನೆಯೂ ಇದೆಯಂತೆ. ಭಾಷೆ ಸಡಿಲ ಎಂದು ಓದುವ ಮೊದಲೇ ವಿರೋಧಿಸಿದ್ದೇನೆ. ಆದರೂ ಒಂದು ಪ್ರತಿ ತಂದು, ಹೊರಗೆ ಕಾಣದಂತೆ ಪೇಪರಿನ ರಟ್ಟು ಹಾಕಿ, ಬೆಳಗಿನ ಗಾಡಿಯಲ್ಲಿ ಓದುತ್ತಿದ್ದೇನೆ. ಜೀವಮಾನದಲ್ಲಿ ಮೊದಲ ಸಲ, ಆಧಾರ ಸಿಗದಿರಲಿ ದೇವರೇ ಎಂದು ಬೇಡಿಕೊಳ್ಳುತ್ತ ಪುಟ ತಿರುಗಿಸುತ್ತಿದ್ದೇನೆ. ಇನ್ನೂರ ಹನ್ನೆರಡನೇ ಪುಟದಲ್ಲಿ ಒಬ್ಬ ಅಡುಗೆಯವನು ಬಂದಿದ್ದಾನೆ. ಸದ್ಯಕ್ಕೆ ಯಾವ ದೂತರಿಗೂ ಬಡಿಸಿಲ್ಲ.