ಶೆಟ್ಟರ ಬಾಟಲಿ, ನನ್ನ ಮೂಗು

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವುದಕ್ಕೆ ದೊಡ್ಡ ಮನಸ್ಸು ಬೇಕಂತೆ. ನನ್ನದು ಅಷ್ಟು ದೊಡ್ಡದಲ್ಲ. ಬೇಲಾಪುರದ ಆಫೀಸಿನವರ ಜೊತೆ ಒಮ್ಮೆ ವಿಸ್ಕಿಯ ರುಚಿ ನೋಡುವ ಕೂಟಕ್ಕೆ ಹೋಗಿದ್ದೆ. ಅಲ್ಲಿ ಕಲಿತ ಹತ್ತಿಪ್ಪತ್ತು ಮಾತುಗಳನ್ನೇ ವರ್ಷಗಟ್ಟಲೆ ಬಳಸುತ್ತ ಬಂದಿದ್ದೇನೆ. ಗ್ಲಾಸನ್ನು ಓರೆ ಹಿಡಿದು, ಮೂಗು ತೂರಿಸಿ, ಕಣ್ಣು ಮುಚ್ಚಿ "ಒಣದ್ರಾಕ್ಷಿ... ಹಳೇ ಮರ..." ಅಂದರೆ ಸಾಕು, ಠಾಣೆಯಿಂದ ಡೊಂಬಿವಲಿಯವರೆಗಿನ ನಮ್ಮ ಕನ್ನಡ ಬಳಗ ತಲೆದೂಗುತ್ತದೆ. ತೊಂದರೆ ಒಂದೇ. ಆರು ತಿಂಗಳ ಹಿಂದೆ ಬಂದ ಜ್ವರ, ಹೋಗುವಾಗ ನನ್ನ ಮೂಗಿನ ಶಕ್ತಿಯನ್ನೂ ಕರೆದುಕೊಂಡು ಹೋಯಿತು. "ಬರುತ್ತೆ, ಕಾಯಿರಿ" ಅಂದರು ಡಾಕ್ಟರು. ಯಾರಿಗೂ, ಹೆಂಡತಿ ಸುಮಿತ್ರಾಗೂ ಹೇಳದೆ ಕಾಯುತ್ತಿದ್ದೆ.

ಅಷ್ಟರಲ್ಲಿ ಠಾಣೆಯ ಕೋಪರಿಯಿಂದ ಶೆಟ್ಟರ ಫೋನ್ ಬಂತು. ಉಡುಪಿ ಕಡೆಯವರು; ಮೂವತ್ತು ವರ್ಷ ಹೋಟೆಲ್ ನಡೆಸಿ ಈಗ ತಾನೇ ವಿಶ್ರಾಂತಿಗೆ ಕೂತವರು. "ಅಳಿಯ ಕೊಟ್ಟ ಬಾಟಲಿ ಉಂಟು ಮಾರಾಯ್ರೇ. ಹದಿನೆಂಟು ವರ್ಷದ ಸಿಂಗಲ್ ಮಾಲ್ಟ್ ವಿಸ್ಕಿ. ಕಡೆಗೆ ವೈನ್ ಪೀಪಾಯಿಯಲ್ಲಿ ಇಟ್ಟದ್ದಂತೆ. ಹೋಟೆಲ್ ಬಿಟ್ಟ ಮೇಲೆಯೇ ತೆಗೆಯುದು ಅಂತ ಇಷ್ಟು ಕಾಲ ಮುಟ್ಟಲಿಲ್ಲ. ನೀವಿಲ್ಲದೆ ಮುಚ್ಚಳ ತೆಗೆಯುದಿಲ್ಲ."

ಭಾನುವಾರ ಮಧ್ಯಾಹ್ನ ಘಣಸೋಲಿಯಿಂದ ಇಬ್ಬರೂ ಹೋದೆವು. ಸುಮಿತ್ರಾಳನ್ನು ಶೆಟ್ಟರ ಹೆಂಡತಿ ಜಯಕ್ಕ ಬಾಲ್ಕನಿಯ ಮಲ್ಲಿಗೆ ಗಿಡ ತೋರಿಸಲು ಕರೆದುಕೊಂಡು ಹೋದರು. ಶೆಟ್ಟರು ದೇವರ ತೀರ್ಥ ಕೊಡುವ ಭಕ್ತಿಯಿಂದ ಎರಡು ಗ್ಲಾಸಿಗೆ ಬಗ್ಗಿಸಿದರು. ಮಾಣಿಕ್ಯದ ಬಣ್ಣ. ನಾನು ಮೂಗು ತೂರಿಸಿದೆ. ನೀರಿನ ಲೋಟವೂ ಒಂದೇ, ಇದೂ ಒಂದೇ. ಆದರೂ ಧೈರ್ಯಗೆಡಲಿಲ್ಲ. "ಮೊದಲು ಕಪ್ಪು ದ್ರಾಕ್ಷಿ. ಹಿಂದೆಯೇ ಚರ್ಮದ ಚೀಲ," ಅಂದೆ.

ಶೆಟ್ಟರು ಮೂಗರಳಿಸಿದರು. "ಸ್ವಲ್ಪ ಹೊಗೆ ವಾಸನೆ ಬರ್ತಾ ಉಂಟಲ್ಲ?"

ಇದು ನನ್ನ ಪರೀಕ್ಷೆ ಅಂದುಕೊಂಡೆ. "ಛೆ, ಹೊಗೆ ಎಲ್ಲಿಂದ ಬರಬೇಕು? ವೈನ್ ಪೀಪಾಯಿ ಎಲ್ಲವನ್ನೂ ನಯ ಮಾಡಿದೆ. ನನ್ನ ಮೂಗನ್ನು ನಂಬಿ."

"ಹಾಗಾದ್ರೆ ನನ್ನ ಮೂಗೇ ಕೆಟ್ಟಿರ್ಬೇಕು," ಅಂತ ಪಾಪ, ಅವರು ಮತ್ತೊಮ್ಮೆ ಗ್ಲಾಸ್ ಮೂಸಿದರು.

"ಅಯ್ಯೋ, ಪಾಯಸದ ಹಾಲು!" ಜಯಕ್ಕ ಬಾಲ್ಕನಿಯಿಂದ ಓಡಿ ಬಂದರು, ಹಿಂದೆಯೇ ಸುಮಿತ್ರಾ. ನನ್ನ ಬೆನ್ನ ಹಿಂದೆ, ನಾಲ್ಕೇ ಹೆಜ್ಜೆ ದೂರದ ಅಡುಗೆಮನೆಯಲ್ಲಿ ಪಾತ್ರೆ ಕರಕಲಾಗಿ, ಹೊಗೆ ನಾವು ಕೂತಲ್ಲಿಗೂ ನುಗ್ಗಿತ್ತು. ಎಲ್ಲರೂ ಕೆಮ್ಮುತ್ತ ನನ್ನನ್ನೇ ನೋಡಿದರು. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಜ್ವರದ ಕಥೆಯನ್ನೆಲ್ಲ ಹೇಳಿಬಿಟ್ಟೆ.

ಶೆಟ್ಟರು ಬೈಯಲಿಲ್ಲ. ಕಿಟಕಿ ತೆರೆದು ಬಂದು, ಗ್ಲಾಸನ್ನು ನನ್ನ ಕೈಗೆ ಕೊಟ್ಟು, "ಮೂಗು ಇಲ್ಲದಿದ್ರೆ ಎಂತಾಯ್ತು, ನಾಲಿಗೆ ಉಂಟಲ್ಲ? ಅದು ಹೇಳಿದ್ದನ್ನು ಹೇಳಿ," ಅಂದರು. ಒಂದು ಗುಟುಕು ಕುಡಿದೆ. "ಸಿಹಿ. ಆಮೇಲೆ ಸ್ವಲ್ಪ ಒಗರು. ಎದೆಯೊಳಗೆ ಬೆಚ್ಚಗೆ." ಅಷ್ಟೇ ಹೊಳೆದದ್ದು. "ಈಗ ಸರಿ ಹೇಳಿದ್ರಿ!" ಅಂತ ಶೆಟ್ಟರು ತೊಡೆ ತಟ್ಟಿ ನಕ್ಕರು. ಪಾಯಸವಿಲ್ಲದ ಊಟ ಮುಗಿಸಿ, ಗೆದ್ದವನ ಹಾಗೆಯೇ ಟ್ರೇನ್ ಹತ್ತಿದೆ.

ಟ್ರೇನ್ ಐರೋಲಿ ದಾಟಿತು. ಸುಮಿತ್ರಾ ಮೆಲ್ಲಗೆ ಕೇಳಿದಳು: "ರೀ, ಆರು ತಿಂಗಳಿಂದ ದಿನಾ ಅಡುಗೆಮನೆ ಬಾಗಿಲಲ್ಲಿ ನಿಂತು 'ಆಹಾ, ಏನು ಘಮ ಕಣೇ' ಅಂತಿದ್ರಲ್ಲ, ಅದು?"

ರಬಾಳೆ ಬಂತು. ನಾನು ಸ್ಟೇಷನ್ನಿನ ಬೋರ್ಡು ಓದುತ್ತ ಕೂತೆ. ಘಣಸೋಲಿಯಲ್ಲಿ ಇಳಿಯುವಾಗ ಅವಳೇ ಹೇಳಿದಳು: "ಇವತ್ತಿನ ಸಾರು ನೀವೇ ಮಾಡಿ. ಘಮ ಹೇಗಿದೆ ಅಂತ ನಾನು ಹೇಳ್ತೀನಿ."