ನಾನೂರು ಟ್ಯೂಬುಗಳ ಗೋಪ್ಯತೆ

ವಿಶ್ವವಿದ್ಯಾಲಯದ ಪ್ರೋಟಿಯೋಮಿಕ್ಸ್ ವಿಭಾಗವೂ ಒಂದು ಔಷಧ ಕಂಪನಿಯೂ ಇನ್ನು ಮುಂದೆ ಸಂಪೂರ್ಣ ಸಹಕಾರದಿಂದ ಕೆಲಸ ಮಾಡತಕ್ಕದ್ದೆಂದೂ, ಏನು ಕೆಲಸ ಮಾಡುತ್ತಿದ್ದೇವೆಂದು ಒಬ್ಬರಿಗೊಬ್ಬರು ತಿಳಿಸತಕ್ಕದ್ದಲ್ಲವೆಂದೂ ಒಪ್ಪಂದವಾಯಿತು. ಒಪ್ಪಂದ ನೂರ ಹನ್ನೆರಡು ಪುಟಗಳದ್ದು. ವಿಭಾಗದ ಮುಖ್ಯಸ್ಥೆಗೆ ಕೊನೆಯ ಪುಟ ಮಾತ್ರ ಕೊಟ್ಟರು, ಉಳಿದವು ಗೋಪ್ಯ. ಅವರು ಸಹಿ ಹಾಕಿದರು.

ಪ್ರೋಟಿಯೋಮಿಕ್ಸ್ ಅಂದರೆ ಒಂದು ಹನಿ ರಕ್ತದಲ್ಲಿರುವ ಸಾವಿರಾರು ಪ್ರೋಟೀನುಗಳನ್ನು ಒಟ್ಟಿಗೇ ಅಳೆಯುವ ವಿದ್ಯೆ. ಹಾಗಾಗಿ ಮುಖ್ಯಸ್ಥೆಯನ್ನು ಎಲ್ಲರೂ ಪ್ರೋಟೀನಮ್ಮ ಎನ್ನುತ್ತಿದ್ದರು. ಮೂತ್ರಪಿಂಡ ಕೆಡುವ ಎರಡು ವರ್ಷ ಮೊದಲೇ ರಕ್ತದಲ್ಲಿ ಒಂದು ಪ್ರೋಟೀನು ತಲೆಯೆತ್ತುತ್ತದೆಂದು ಅವರ ಗುಮಾನಿ. ಅದಕ್ಕಾಗಿ ಆರು ವರ್ಷ ಮನೆಮನೆ ಅಲೆದು ನಾನೂರು ಜನರ ರಕ್ತ ಕೂಡಿಸಿದ್ದರು. ಜನ ಸಾಲದೆ ಹೋದಾಗ ಸ್ವಂತ ಅಕ್ಕನ ತೋಳನ್ನೂ ಬಿಟ್ಟಿರಲಿಲ್ಲ. ರಕ್ತ ವಿಭಾಗದಲ್ಲಿತ್ತು, ಅಳೆಯುವ ಯಂತ್ರ ಕಂಪನಿಯಲ್ಲಿತ್ತು. ಟ್ಯೂಬುಗಳು ಕಂಪನಿಗೆ ಹೋದವು.

ತಿಂಗಳಿಗೊಂದು ಜಂಟಿ ಸಭೆ. ಮೊದಲ ಸಭೆಯಲ್ಲಿ ಹಾಜರಿದ್ದವರ ಹೆಸರು ಓದಲಾಯಿತು. ಎರಡನೆಯದರಲ್ಲಿ, ಹೆಸರೂ ಗೋಪ್ಯವೆಂದು ತೀರ್ಮಾನವಾಯಿತು. ಮೂರನೆಯದರಲ್ಲಿ ಪ್ರೋಟೀನಮ್ಮ ಕೇಳಿದರು:

"ಫಲಿತಾಂಶ ಬಂತಾ?"

"ಅದು ಮೂವತ್ತೊಂದನೇ ಷರತ್ತಿಗೆ ಬರುತ್ತೆ," ಎಂದರು ಕಂಪನಿಯ ವಕೀಲರು.

"ಆ ಷರತ್ತಲ್ಲಿ ಏನಿದೆ?"

"ಹೇಳಬಾರದು ಅಂತಿದೆ."

ಯಂತ್ರ ನಡೆಸುತ್ತಿದ್ದವನು ಪ್ರೋಟೀನಮ್ಮನ ಹಳೆಯ ಶಿಷ್ಯ. ಓದುವಾಗ ನಾನೂರು ಟ್ಯೂಬಿಗೂ ನಂಬರ್ ಚೀಟಿ ಅಂಟಿಸಿದ್ದವನು ಅವನೇ. ಅಕ್ಕನ ನಂಬರು ಅವನಿಗೆ ಮರೆತಿರಲಿಲ್ಲ. ಸೂಜಿ ಕಂಡು ಆಕೆ ಅವನ ಮಣಿಕಟ್ಟನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದಿದ್ದರು. ಐದನೆಯ ಸಭೆಯಲ್ಲಿ ಕಾಫಿ ಬಂದಾಗ ಅವನು ಲೋಟದಿಂದ ತಲೆಯೆತ್ತದೆ ಕೇಳಿದ:

"ಮೇಡಂ, ಅಕ್ಕ ಹೇಗಿದ್ದಾರೆ?"

"ಚೆನ್ನಾಗಿದ್ದಾಳೆ ಕಣಪ್ಪ."

"ಚೆನ್ನಾಗೇ ಇದ್ದಾರಾ?"

ಪ್ರೋಟೀನಮ್ಮ ಲೋಟ ಕೆಳಗಿಟ್ಟರು. ವಕೀಲರು ಏನೋ ಗೀಚಿಕೊಂಡರು.

ಸಭೆ ಮುಗಿಯುವವರೆಗೂ ಕಾಯದೆ ಪ್ರೋಟೀನಮ್ಮ ಎದ್ದು ಹೊರಟರು. ಅಕ್ಕ ಮನೆಯಲ್ಲಿ ಹೊಲಿಗೆ ಮಿಷನ್ನಿನ ಮುಂದಿದ್ದರು.

"ನಂಗೇನಾಗಿದೆಯೇ? ಗುಂಡುಕಲ್ಲಿನ ಹಾಗಿದ್ದೀನಿ."

"ಆ ಗುಂಡುಕಲ್ಲನ್ನೇ ಡಾಕ್ಟರಿಗೆ ತೋರಿಸೋಣ, ಏಳು."

ಪರೀಕ್ಷೆಗಳಾದವು. ಡಾಕ್ಟರು ಕನ್ನಡಕ ತೆಗೆದರು. "ಇನ್ನೊಂದು ವರ್ಷ ಬಿಟ್ಟಿದ್ರೆ ಕೈ ಮೀರ್ತಿತ್ತು. ಈಗ ಮಾತ್ರೆ, ಪಥ್ಯದಲ್ಲೇ ತಡೀಬಹುದು. ಇಷ್ಟು ಬೇಗ ಹೇಗೆ ಗೊತ್ತಾಯ್ತು?"

"ನನ್ನ ಶಿಷ್ಯ ಯೋಗಕ್ಷೇಮ ಕೇಳಿದ," ಎಂದರು ಪ್ರೋಟೀನಮ್ಮ. ಹೊರಗೆ ಬೆಂಚಿನ ಮೇಲೆ ಕೂತು ಅತ್ತರು. ಅಕ್ಕ ಉಳಿದಳೆಂದೋ, ಗುಮಾನಿ ನಿಜವಾಯಿತೆಂದೋ ಅವರಿಗೇ ತಿಳಿಯಲಿಲ್ಲ.

ಒಪ್ಪಂದದ ಪ್ರಕಾರ ಯೋಗಕ್ಷೇಮ ವಿಚಾರಣಾ ಸಮಿತಿ ನೇಮಕವಾಯಿತು.

"ಅಕ್ಕನ ಬಗ್ಗೆ ಯಾಕೆ ಕೇಳಿದ್ರಿ?" ವಕೀಲರು ಶಿಷ್ಯನನ್ನು ಪ್ರಶ್ನಿಸಿದರು. "ತಮ್ಮನ ಬಗ್ಗೆ ಯಾಕೆ ಕೇಳಲಿಲ್ಲ?"

"ಅವರಿಗೆ ತಮ್ಮ ಇಲ್ಲ, ಸಾರ್."

"ಇದ್ದಿದ್ರೆ?"

ಶಿಷ್ಯ ಸುಮ್ಮನಾದ. ಆ ಮೌನ ಒಪ್ಪಂದಕ್ಕೆ ಅನುಗುಣವಾಗಿದೆಯೆಂದು ಸಮಿತಿ ಮೆಚ್ಚಿತು, ಅವನನ್ನು ಡಬ್ಬಿ ಕಟ್ಟುವ ವಿಭಾಗಕ್ಕೆ ವರ್ಗ ಮಾಡಿತು. ಸುತ್ತೋಲೆಯೂ ಬಂತು: "ಉಭಯ ಸಂಸ್ಥೆಗಳ ನೌಕರರು ಪರಸ್ಪರರ ರಕ್ತಸಂಬಂಧಿಗಳ ಕುಶಲವನ್ನು ವಿಚಾರಿಸತಕ್ಕದ್ದಲ್ಲ. ಅನಿವಾರ್ಯವಾದಲ್ಲಿ, ಲಿಖಿತ ಅನುಮತಿ ಪಡೆದು, ದೂರದ ಸಂಬಂಧಿಗಳ ಕುಶಲವನ್ನು ವಿಚಾರಿಸಬಹುದು."

ಮುಂದಿನ ಸಭೆಯಲ್ಲಿ ಪ್ರೋಟೀನಮ್ಮ ಎದ್ದು ನಿಂತರು. "ನಾನೂರರಲ್ಲಿ ನಮ್ಮಕ್ಕ ಒಬ್ಬಳೇ ಇರಲಿಕ್ಕಿಲ್ಲ. ಮಿಕ್ಕವರಿಗೆ ಯಾರು ಹೇಳ್ತಾರೆ? ಎಲ್ಲರಿಗೂ ಮೂತ್ರಪಿಂಡ ತೋರಿಸ್ಕೊಳ್ಳಿ ಅಂತ ಬರೆಯೋಣ."

"ಬರೆದರೆ ನಾವು ಮೂತ್ರಪಿಂಡ ನೋಡ್ತಿದ್ದೀವಿ ಅಂತ ಬೇರೆ ಕಂಪನಿಗಳಿಗೆ ಗೊತ್ತಾಗುತ್ತೆ," ಎಂದರು ವಕೀಲರು.

ಕುಲಸಚಿವರು ಮೃದು ಸ್ವಭಾವದವರು. "ಜನರನ್ನ ಕತ್ತಲಲ್ಲಿ ಇಡೋದು ತಪ್ಪು," ಎಂದು ಅವರೇ ಕರಡು ತಯಾರಿಸಿದರು. ನಾನೂರು ಮನೆಗೂ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಪತ್ರ ಹೋಯಿತು:

"ಮಾನ್ಯರೇ, ತಮ್ಮ ರಕ್ತದಲ್ಲಿ ಒಂದು ಅಂಶ ಕಂಡುಬಂದಿರುತ್ತದೆ ಅಥವಾ ಕಂಡುಬಂದಿರುವುದಿಲ್ಲ. ಯಾವುದೇ ಆದಲ್ಲಿಯೂ ಅದನ್ನು ಗೋಪ್ಯವಾಗಿಡುವುದಾಗಿ ಸಹಿ ಮಾಡಿ ಹದಿನೈದು ದಿನಗಳೊಳಗೆ ಹಿಂದಿರುಗಿಸತಕ್ಕದ್ದು."

ಹತ್ತನೇ ದಿನಕ್ಕೆ ಮುನ್ನೂರ ತೊಂಬತ್ತೊಂಬತ್ತು ಸಹಿಗಳು ಬಂದವು. ಅದರಲ್ಲಿ ಅಕ್ಕನದೂ ಇತ್ತು.

"ನೀನ್ಯಾಕೆ ಸಹಿ ಹಾಕ್ದೆ?"

"ರಿಜಿಸ್ಟರ್ಡಲ್ಲಿ ಬಂದಿತ್ತು ಕಣೇ."

ಉಳಿದೊಬ್ಬ, ವಯಸ್ಸಾದ ಬಡಗಿ, ಪತ್ರ ಹಿಡಿದು ವಿಭಾಗಕ್ಕೇ ಬಂದ. ಪ್ರೋಟೀನಮ್ಮನಿಗೆ ಹೋದ ಜೀವ ಬಂದಂತಾಯಿತು. ಕೇಳುವವನೊಬ್ಬನಾದರೂ ಸಿಕ್ಕಿದ್ದ. ಒಪ್ಪಂದ ಹಾಳಾಗಿ ಹೋಗಲಿ ಎಂದುಕೊಂಡು ಬಾಗಿಲು ಹಾಕಿ, ತಮ್ಮ ಕುರ್ಚಿಯಲ್ಲೇ ಅವನನ್ನು ಕೂರಿಸಿದರು.

"ಅಜ್ಜ, ನೀವು ಒಂದ್ಸಲ ಡಾಕ್ಟರ ಹತ್ರ ಹೋಗಿ ಮೂತ್ರ..."

ಬಡಗಿ ಎರಡೂ ಕಿವಿ ಮುಚ್ಚಿಕೊಂಡ. "ಹೇಳಬೇಡಿ ತಾಯಿ. ಗುಟ್ಟು ಅಂತ ಬರೆದಿದ್ದಾರೆ."

"ಮತ್ತೆ ಬಂದದ್ದು?"

"ನಮ್ಮನೆಯವಳಿಗೆ ಪತ್ರ ಬಂದಿಲ್ಲ. ರಕ್ತ ಕೊಟ್ಟಿಲ್ಲ, ನಿಜ. ಆದ್ರೂ ಬೀದೀಲಿ ಮೂರು ಮನೆಗೆ ಬಂದು ಅವಳಿಗೆ ಬರಲಿಲ್ಲ ಅಂತ ಎರಡು ದಿನದಿಂದ ಊಟ ಬಿಟ್ಟಿದ್ದಾಳೆ. ಅವಳಿಗೂ ಒಂದು ಕೊಡಿ."

ಪ್ರೋಟೀನಮ್ಮ ಡ್ರಾಯರ್ ಎಳೆದು ಅದೇ ಪತ್ರದ ಖಾಲಿ ನಮೂನೆಯೊಂದನ್ನು ತೆಗೆದು, ಆಕೆಯ ಹೆಸರನ್ನು ಅಕ್ಷರ ತಪ್ಪದಂತೆ ಕೇಳಿ ಬರೆದುಕೊಟ್ಟರು.