ರ‍್ಯಾಂಪಿನ ರಂಪ

ಗಂಡ ಜಗಳವಾಡುತ್ತಾನೆ ಎಂದು ದೂರುವ ಹೆಂಗಸರು ನಮ್ಮ ಆಳಂದದಲ್ಲಿ ಮನೆಗೊಬ್ಬರಿದ್ದಾರೆ. ನನ್ನ ದೂರು ಬೇರೆ. ನನ್ನ ಗಂಡ ಜಗಳವಾಡುವುದನ್ನೇ ಬಿಟ್ಟುಬಿಟ್ಟಿದ್ದರು.

ನೀವು ನಗಬಹುದು. ಆದರೆ ನಮ್ಮವರನ್ನು ನೀವು ಮೊದಲು ನೋಡಿಲ್ಲ. ಸಿದ್ದಲಿಂಗ ಅಂತ ಹೆಸರು, ಬೇಳೆ ಗಿರಣಿಯಲ್ಲಿ ಸೂಪರ್‌ವೈಜರ್ ಕೆಲಸ. ಮದುವೆಯಾದಂದಿನಿಂದ ನನ್ನೊಡನೆ ಜಗಳವಾಡದೆ ಒಂದು ತುತ್ತು ನುಂಗಿದವರಲ್ಲ. ಉಪ್ಪಿಗೆ ಜಗಳ, ಖಾರಕ್ಕೆ ಜಗಳ, ಫ್ಯಾನು ಎಷ್ಟರಲ್ಲಿ ತಿರುಗಬೇಕೆಂಬುದಕ್ಕೆ ಜಗಳ. ನನ್ನ ತವರೂರು ನರೋಣಾಕ್ಕೆ ಹೋಗುವ ಬಸ್ಸು ತಡವಾದರೆ ಅದಕ್ಕೂ ನಾನೇ ಹೊಣೆ. ಅಂಥ ಮನುಷ್ಯ, ಕಾರಹುಣ್ಣಿಮೆ ಕಳೆದ ಮೇಲೆ ನಮ್ಮತ್ತೆ ಹೀರಾಬಾಯಿ ಲಿಂಗೈಕ್ಯರಾದ ದಿನದಿಂದ ಬಾಯಿಗೆ ಬೀಗ ಹಾಕಿಕೊಂಡು ಕುಳಿತರು. ಅಳಲೂ ಇಲ್ಲ. ಏನು ಕೇಳಿದರೂ ಒಂದೇ ಉತ್ತರ: "ಆಗ್ಲಿ."

ಒಮ್ಮೆ ಬೇಕೆಂದೇ ಬೇಳೆಗೆ ಎರಡು ಸಲ ಉಪ್ಪು ಹಾಕಿದೆ. ಉಂಡು ಎದ್ದರು. ಒಂದು ತಂಬಿಗೆ ನೀರು ಹೆಚ್ಚು ಕುಡಿದರು, ಅಷ್ಟೇ. (ಅದೇ ಬೇಳೆ ಉಂಡ ನಾನು ರಾತ್ರಿಯೆಲ್ಲ ನೀರಿನ ಕೊಡದ ಸುತ್ತ ಪ್ರದಕ್ಷಿಣೆ ಹಾಕಿದೆ.) ದಸರೆ ಬಂತು. ಬನ್ನಿ ಕೊಡಲು ಬಂದವರ ಕೈಯಿಂದ ಎಲೆ ತೆಗೆದುಕೊಂಡು, ಅದನ್ನು ಏನು ಮಾಡಬೇಕೆಂದು ತಿಳಿಯದವರ ಹಾಗೆ ಅಂಗಿಯ ಜೇಬಿನಲ್ಲಿಟ್ಟುಕೊಂಡು ಕುಳಿತರು. ಒಗೆಯುವಾಗ ಆ ಎಲೆಗಳು ನನ್ನ ಕೈಗೆ ಸಿಕ್ಕವು. ಕಲ್ಲಿನ ಮೇಲೆ ಆ ಅಂಗಿ ಇಟ್ಟುಕೊಂಡು ನಾನೇ ಒಂದಿಷ್ಟು ಅತ್ತೆ.

ಬಾಜು ಮನೆಯ ಮೆಹರಾಜಬೇಗಂ ಮುಂದೆ ಹೇಳಿಕೊಂಡೆ. ಅವರು ಅಕ್ಕಿಯಲ್ಲಿ ಹರಳು ಆರಿಸುತ್ತಾ ಎಲ್ಲ ಕೇಳಿದರು.

"ಉಪ್ಪ ಹೆಚ್ಚಾದ್ರೂ ಸುಮ್ಮ ಉಣ್ಣತಾನ?"

"ಹೂಂ ಅಕ್ಕಾ."

"ಸೀರಿ ತಗೋತೇನಿ ಅಂದ್ರ?"

"ಆಗ್ಲಿ ಅಂತಾರ."

"ಯಾ ಅಲ್ಲಾ! ನಮ್ಮವರಿಗೂ ಆ ಬ್ಯಾನಿ ಬರ್ಲಿ ಅಂತ ಇವತ್ತೇ ದುವಾ ಕೇಳ್ತೇನಿ," ಎಂದರು. ಆಮೇಲೆ ನನ್ನ ಮುಖ ನೋಡಿ ಮೊರ ಕೆಳಗಿಟ್ಟರು. "ಅಳಬ್ಯಾಡ ವಿದ್ಯಾ. ಕೈಗಿ ಏನರ ಕೆಲಸ ಹಚ್ಚು ಅವರಿಗಿ. ಖಾಲಿ ಕೈ ಇದ್ರ ಮನಸು ಅಲ್ಲೇ ತಿರಗತದ."

ಕೆಲಸ ಹಚ್ಚುವುದೇನೋ ಸರಿ, ಯಾವ ಕೆಲಸ? ಆ ಉತ್ತರವನ್ನು ನನ್ನ ಮಗಳು ಸೃಷ್ಟಿ ಸೈಕಲ್ ಮೇಲೆ ತಂದಳು. ಆರನೆಯ ಇಯತ್ತೆಯ ಹುಡುಗಿ, ನೆಲದ ಮೇಲೆ ಕಾಲಿಡುವುದು ಅವಳಿಗೆ ಅವಮಾನ.

"ಮಮ್ಮಿ, ನಂಗ ಒಂದು ರ‍್ಯಾಂಪ್ ಬೇಕು."

"ರ‍್ಯಾಂಪ್ ಅಂದ್ರ? ತೆಳ್ಳನ ಹುಡುಗ್ಯಾರು ಉಣಲಾರದ ಸಿಟ್ಟಿಲೆ ನಡೀತಾರಲ್ಲ, ಅದು?"

"ಅದಲ್ಲ! ಹಲಗಿ ಇಳಿಜಾರ ಇಡ್ತಾರ. ಸೈಕಲ್ ಮ್ಯಾಲ ಜೋರ್ ಬಂದು, ಅದರ ಮ್ಯಾಲ ಏರಿ ಹಾರೂದು."

"ಹಾರಿ ಎಲ್ಲಿಗಿ ಹೋಗ್ತಿ?"

"ಎಲ್ಲಿಗೂ ಇಲ್ಲ ಮಮ್ಮಿ. ಹಾರಿ ಇಳ್ಯೂದು. ಅಷ್ಟೇ."

ಬೇರೆ ದಿನವಾಗಿದ್ದರೆ ರ‍್ಯಾಂಪೂ ಬೇಡ ರಂಪವೂ ಬೇಡ ಎಂದು ಓಡಿಸುತ್ತಿದ್ದೆ. ಆ ದಿನ ನನ್ನ ತಲೆಯಲ್ಲಿ ದಿವ್ಯಜ್ಞಾನ ಉದಯಿಸಿತು. ಸಂಜೆ ನಮ್ಮವರ ಮುಂದೆ ಚಹಾ ಇಟ್ಟು, "ರೀ, ಕೂಸಿಗಿ ಒಂದು ರ‍್ಯಾಂಪ್ ಮಾಡಿ ಕೊಡ್ರಿ," ಎಂದೆ. "ಆಗ್ಲಿ," ಎಂದರು. ಚಹಾ ಆರಿತು, ಮರುದಿನ ಬೆಳಗಾಯಿತು, ಮತ್ತೆ ಚಹಾ ಆರಿತು. ರ‍್ಯಾಂಪು ಮಾತ್ರ ಹುಟ್ಟಲಿಲ್ಲ.

ಹೀಗಾದರೆ ಆಗದು ಎಂದು ನಾನೇ ವಿಶ್ವಕರ್ಮನ ಅವತಾರವೆತ್ತಿದೆ. ಭಾನುವಾರ ಅವರು ಪಡಸಾಲೆಯಲ್ಲಿ ಕುಳಿತಿದ್ದಾಗ, ಅವರ ಕಣ್ಣೆದುರಿಗೇ ಅಂಗಳದಲ್ಲಿ ಒಂದು ಹಳೇ ಸ್ಟೂಲು, ಎರಡು ಇಟ್ಟಿಗೆ ಮತ್ತು ಗಿರಣಿಯಿಂದ ಎಂದೋ ತಂದಿದ್ದ ಕಟ್ಟಿಗೆಯ ಪಟ್ಟಿಗಳನ್ನು ಹರಡಿಕೊಂಡೆ. ಸುತ್ತಿಗೆ ಎತ್ತಿ ಒಂದು ಮೊಳೆಯನ್ನು ಹೊಡೆದೆ. ಮೊಳೆ ಬಾಗಿತು. ಇನ್ನೊಂದು ಹೊಡೆದೆ, ಅದು ಹಾರಿ ತುಳಸಿಯ ಕುಂಡಕ್ಕೆ ಬಿತ್ತು. ಮೂರನೆಯದನ್ನು ಹೊಡೆಯುವಾಗ ನನ್ನ ಹೆಬ್ಬೆರಳು ಅಡ್ಡ ಬಂತು. ನಾನು ಕಿರುಚಿದೆ. (ಇದು ಮಾತ್ರ ನಾಟಕವಲ್ಲ.)

"ಹಂಗಲ್ಲ."

ತಿರುಗಿ ನೋಡಿದೆ. ಬಾಗಿಲಲ್ಲಿ ನಿಂತಿದ್ದರು.

"ಏನು?"

"ಹಂಗಲ್ಲ ಅಂದೆ. ಸುತ್ತಗಿ ಅಷ್ಟ್ ಮುಂದ ಹಿಡೀತಾರೇನು ಯಾರರ? ಸರಿ ಅತ್ಲಾಗ."

ಅತ್ತೆ ಹೋದ ಮೇಲೆ ಅವರು ನನಗೆ ಅಡ್ಡ ಮಾತಾಡಿದ್ದು ಅದೇ ಮೊದಲು. ನನ್ನ ಕಣ್ಣು ತುಂಬಿ ಬಂತು. ಹೆಬ್ಬೆರಳಿನ ನೋವಿಗೆ ಅಂದುಕೊಂಡಿರಬೇಕು, ಬಚ್ಚಲಿಂದ ತಣ್ಣೀರು ತಂದುಕೊಟ್ಟರು.

ಆಮೇಲೆ ಅವರೇ ಕುಳಿತು ಪಟ್ಟಿಗಳನ್ನು ಅಳೆದರು. ಕಾಲು ಮಾಡಲು ಪಟ್ಟಿ ಸಾಕು, ಆದರೆ ಮೇಲಿನ ಹಲಗೆ? ಸೃಷ್ಟಿ ಮನೆಯ ತುಂಬ ಹುಡುಕಿ ಬಂದಳು. ನಾನು ಹುಡುಕಲಿಲ್ಲ. ಹಲಗೆ ಎಲ್ಲಿದೆಯೆಂದು ನನಗೆ ಗೊತ್ತಿತ್ತು, ಹೇಳಲು ಬಾಯಿ ಬರಲಿಲ್ಲ.

ಪಡಸಾಲೆಯಲ್ಲಿ ಅತ್ತೆಯ ಹೊರಸು ಇನ್ನೂ ಹಾಗೆಯೇ ಇತ್ತು. ಹೆಣೆದ ನವಾರದ ಪಟ್ಟಿ ಜೋತುಬಿದ್ದು ಅವರ ಬೆನ್ನು ನೋಯುತ್ತಿತ್ತು ಎಂದು ನಮ್ಮವರೇ ಒಂದು ಪ್ಲೈವುಡ್ ಹಲಗೆ ತಂದು ಗಾದಿಯ ಕೆಳಗೆ ಹಾಕಿದ್ದರು. ಆ ಹೊರಸಿನ ಮೇಲೆ ಯಾರೂ ಕೂಡುತ್ತಿರಲಿಲ್ಲ. ಕೂಡಬೇಡಿ ಎಂದು ಅವರು ಹೇಳಿರಲಿಲ್ಲ, ಆದರೂ ಬಂದ ಬೀಗರೂ ನಿಂತೇ ಮಾತಾಡಿ ಹೋಗುತ್ತಿದ್ದರು. ಕಸ ಹೊಡೆಯುವಾಗ ನಾನು ಅದರ ಕೆಳಗೆ ಕಸಬರಿಗೆಯನ್ನು ಸಪ್ಪಳವಾಗದ ಹಾಗೆ ಆಡಿಸುತ್ತಿದ್ದೆ.

ನಮ್ಮವರು ಅಂಗಳದಿಂದ ಒಳಗೆ ಬಂದು ಹೊರಸಿನ ಮುಂದೆ ನಿಂತರು. ಆಮೇಲೆ ಗಾದಿ ಸುತ್ತಿ ಬದಿಗಿಟ್ಟು ಹಲಗೆಯನ್ನು ಎಳೆದರು.

ಹಲಗೆಯ ಒಂದು ಮೂಲೆಗೆ ಹಳೇ ಸೀರೆಯ ಚಿಂದಿಯನ್ನು ಬಿಗಿಯಾಗಿ ಸುತ್ತಿ, ಸೂಜಿಯಿಂದ ಹೊಲಿಯಲಾಗಿತ್ತು. ಅತ್ತೆಯ ಹೊಲಿಗೆ, ನನಗೆ ನೋಡಿದ ಕೂಡಲೇ ತಿಳಿಯಿತು. ನಮ್ಮವರು ದಾರ ಹರಿದು ಚಿಂದಿ ಬಿಚ್ಚಿದರು. ಒಳಗೆ ಪ್ಲೈವುಡ್ ಸೀಳಿ ಮುಳ್ಳುಮುಳ್ಳಾಗಿ ಎದ್ದಿತ್ತು. ಅವರು ಅದರ ಮೇಲೆ ಕೈಯಾಡಿಸಿದರು.

"ಚುಚ್ಚತಿತ್ತು ಅವ್ವಗ," ಎಂದರು. "ನಾ ದಿನಾ ಕೇಳ್ತಿದ್ದೆ, ಹಲಗಿ ಆರಾಮ ಅದ ಏನವ್ವಾ ಅಂತ. ಭಾಳ ಆರಾಮ ಅದಪ್ಪಾ ಅಂತಿದ್ಲು."

ನಾನು ಆ ಚಿಂದಿಯನ್ನು ನೆಲದಿಂದ ಎತ್ತಿ ಮಡಚಿದೆ.

"ಹೇಳಬೇಕಿತ್ತಲ್ಲ ವಿದ್ಯಾ. ಒಂದ್ ಮಾತ್ ಹೇಳಿದ್ರ ತಿಕ್ಕಿ ಕೊಡ್ತಿದ್ದೆ."

ಹೊರಸಿನ ಕಾಲಿಗೆ ಒರಗಿ ಕುಳಿತು, ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅವರು ಅತ್ತರು. ಸೃಷ್ಟಿ ಹೆದರಿ ನನ್ನ ಸೆರಗು ಹಿಡಿದಳು. "ಪಪ್ಪಾ, ರ‍್ಯಾಂಪ್ ಬ್ಯಾಡ ಬಿಡ್ರಿ," ಎಂದಳು. ನನ್ನ ದಿವ್ಯಜ್ಞಾನದ ಮೇಲೆ ನನಗೇ ಹೇಸಿಗೆಯಾಯಿತು. ಮನೆಯಲ್ಲಿ ಮುಚ್ಚಿಟ್ಟಿದ್ದ ದುಃಖವನ್ನು ಗಾದಿ ಎತ್ತಿ ಹೊರಗೆ ತೆಗೆಸಿದ್ದೆ. ಒಲೆಯ ಮೇಲಿನ ಅನ್ನ ಸೀದ ವಾಸನೆ ಬಂದರೂ ನಾನು ಏಳಲಿಲ್ಲ.

ಆಮೇಲೆ ಅವರು ಮುಖ ಒರೆಸಿಕೊಂಡು ಎದ್ದರು. ಪೇಟೆಗೆ ಹೋಗಿ ಉಜ್ಜುವ ಕಾಗದ, ಬಾಗಿಲಿಗೆ ಹಾಕುವಂಥ ಬಿಜಾಗರಿ, ಸ್ಕ್ರೂ ತಂದರು. ಆ ಸೀಳಿದ ಮೂಲೆಯನ್ನೇ ಕತ್ತಲಾಗುವವರೆಗೆ ತಿಕ್ಕಿದರು. ರ‍್ಯಾಂಪಿಗೆ ಅಷ್ಟು ನುಣುಪು ಬೇಕಿರಲಿಲ್ಲ.

ಮರುದಿನದಿಂದ ಗಿರಣಿಯಿಂದ ಬಂದವರೇ ಅಂಗಳಕ್ಕಿಳಿದರು. ಗರಗಸದ ಪುಡಿ ಚಟ್ನಿಯಲ್ಲಿ, ಹಾಸಿಗೆಯಲ್ಲಿ, ನನ್ನ ಜಡೆಯಲ್ಲಿ. ನಮ್ಮ ಓಣಿ ಇಕ್ಕಟ್ಟು, ರ‍್ಯಾಂಪನ್ನು ಮೈದಾನಕ್ಕೆ ಎತ್ತಿಕೊಂಡು ಹೋಗುವಂತಿರಬೇಕೆಂದು ಕಾಲುಗಳನ್ನು ಬಿಜಾಗರಿಯ ಮೇಲೆ ಒಳಗೆ ಮಡಚಿಕೊಳ್ಳುವ ಹಾಗೆ ಮಾಡಿದರು. ಹಿಡಿಯಲು ಹಗ್ಗದ ಹಿಡಿಕೆ ಬೇರೆ. ಮಡಚಿದರೆ ಕೇರಂ ಬೋರ್ಡಿನಷ್ಟೇ ದಪ್ಪ, ಬಿಚ್ಚಿದರೆ ಸ್ವರ್ಗದ ಮೆಟ್ಟಿಲು ಎಂಬುದು ಅವರ ವರ್ಣನೆ. ಜೊತೆಗೆ ಜಗಳವೂ ಮರಳಿತು.

"ಭಾಳ ಎತ್ತರ ಆಯ್ತು ರೀ. ಕೂಸು ಬೀಳ್ತದ."

"ನಿನಗೇನ್ ತಿಳೀತದ ಬೇ ಇದರಾಗ? ಎತ್ತರ ಇಲ್ದಿದ್ರ ಹಾರೂದು ಹ್ಯಾಂಗ?"

"ನಂಗ ತಿಳೀದಿದ್ರ ನಂಗ್ಯಾಕ ಹಿಡ್ಕೋ ಅಂತೀರಿ ಹಲಗಿ?"

"ಹಿಡ್ಯಾಕ ತಿಳುವಳ್ಕಿ ಬೇಕಾಗಲ್ಲ!"

ಆಹಾ! ಕಿವಿಗೆ ಎಂಥ ಇಂಪು! ಹಲಗೆ ಹಿಡಿದುಕೊಂಡೇ ಒಳಗೊಳಗೆ ನಕ್ಕೆ. ನಡುನಡುವೆ ಅವರು ಸುತ್ತಿಗೆ ಹಿಡಿದು ಎಲ್ಲೋ ನೋಡುತ್ತಾ ನಿಂತುಬಿಡುತ್ತಿದ್ದರು. ಆಗ ನಾನು ಬೇಕೆಂದೇ ಒಂದು ದಡ್ಡ ಪ್ರಶ್ನೆ ಕೇಳುತ್ತಿದ್ದೆ. ಬೈಯಲು ವಾಪಸು ಬರುತ್ತಿದ್ದರು.

ಉದ್ಘಾಟನೆಯನ್ನು ಮೈದಾನಕ್ಕೆ ಒಯ್ಯುವ ತಾಳ್ಮೆ ಯಾರಿಗೂ ಇರಲಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ಓಣಿಯಲ್ಲೇ ರ‍್ಯಾಂಪನ್ನು ಬಿಚ್ಚಿಟ್ಟರು. ಮೆಹರಾಜಬೇಗಂ ತಮ್ಮ ಕಟ್ಟೆಯ ಮೇಲೆ ಮುಖ್ಯ ಅತಿಥಿಯಾಗಿ ಕುಳಿತರು. ಸೃಷ್ಟಿ ಸೈಕಲ್ ತಂದು ನಿಂತಳು.

"ತಡಿ," ಎಂದರು ನಮ್ಮವರು. "ಮೊದಲ ವಜ್ಜಿ ತಡೀತದೋ ಇಲ್ಲೋ ನೋಡಬೇಕು. ವಿದ್ಯಾ, ನೀ ಜರಾ ಇದರ ಮ್ಯಾಲ ನಿಂದರು."

"ನಾ ಯಾಕ?"

"ನೀ ನಿಂತ್ರ ತಡೀತಂದ್ರ, ಮುಂದ ಎಮ್ಮಿ ನಿಂತ್ರೂ ಚಿಂತಿಲ್ಲ."

ಮುಖ್ಯ ಅತಿಥಿಗಳು ಕಟ್ಟೆಯಿಂದ ಉರುಳುವಷ್ಟು ನಕ್ಕರು. ಮಗಳೂ ನಕ್ಕಳು. ಜಗಳ ಮರಳಲಿ ಎಂದು ನಾನು ಬೇಡಿಕೊಂಡಿದ್ದು ನಿಜ, ಎಮ್ಮೆಯೂ ಜೊತೆಗೆ ಬರಲಿ ಎಂದು ಬೇಡಿಕೊಂಡಿರಲಿಲ್ಲ. ಸಿಟ್ಟು ನೆತ್ತಿಗೇರಿತು.

"ನಿಂದ್ರೂದಲ್ಲ, ಹಾರೇ ತೋರಸ್ತೇನಿ!" ಎಂದೆ. "ನರೋಣಾದಾಗ ನಮ್ಮಣ್ಣನ ಸೈಕಲ್ ಹೊಡದಾಕಿ ನಾ!"

"ಮಮ್ಮಿ, ಬ್ಯಾಡ!"

"ಲೇ ವಿದ್ಯಾ, ಹುಚ್ಚಿ ಆಗಬ್ಯಾಡ," ಎಂದು ನಮ್ಮವರು ಓಡಿಬಂದರು. ಅಷ್ಟರಲ್ಲಿ ನಾನು ಸೆರಗು ಸೊಂಟಕ್ಕೆ ಸಿಗಿಸಿ, ನಿರಿಗೆ ಎತ್ತಿ ಕಟ್ಟಿ, ಮಗಳ ಸೈಕಲ್ ಕಸಿದು ಏರಿ, ಓಣಿಯ ಆ ತುದಿಯಿಂದ ಹೊರಟುಬಿಟ್ಟಿದ್ದೆ.

ಏರಿದ್ದು ಗೊತ್ತಾಯಿತು. ಹಲಗೆ ಕಿರ್ ಎನ್ನಲಿಲ್ಲ. ಮೇಲೆ ಹೋದಾಗ ಒಂದು ಕ್ಷಣ ಓಣಿಯಲ್ಲಿ ಎಲ್ಲರ ಬಾಯಿ ತೆರೆದಿರುವುದು ಕಾಣಿಸಿತು. ಆ ಗಗನಯಾನ ಬಹಳ ಚೆಂದವಿತ್ತು ಎಂದು ಪ್ರಮಾಣ ಮಾಡಿ ಹೇಳುತ್ತೇನೆ. ಆಮೇಲೆ ಮುಂದಿನ ಗಾಲಿ ಒಂದು ಕಡೆ, ನಾನು ಒಂದು ಕಡೆ. ಮೆಹರಾಜಬೇಗಂ ಅವರ ನೀರಿನ ಡ್ರಮ್ಮು ನನ್ನನ್ನು ಬರಮಾಡಿಕೊಂಡಿತು. ಬಲಗೈಯಲ್ಲಿ ಏನೋ ಲಟಕ್ ಎಂದಿತು.

ಕಣ್ಣು ಬಿಟ್ಟಾಗ ನಮ್ಮವರು ಓಡಿಬರುತ್ತಿದ್ದರು. ನನ್ನ ಕಡೆಗೆ ಅಲ್ಲ, ರ‍್ಯಾಂಪಿನ ಕಡೆಗೆ. ಮೊಣಕಾಲೂರಿ ಬಿಜಾಗರಿ ಮುಟ್ಟಿದರು, ಕಾಲು ಅಲುಗಿಸಿದರು.

"ಏನೂ ಆಗಿಲ್ಲ!" ಎಂದು ಕೂಗಿದರು. "ಒಂದ್ ಸ್ಕ್ರೂ ಸಡಿಲ ಆಗಿಲ್ಲ!"

ಮತ್ತು ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಎಷ್ಟೋ ತಿಂಗಳಿಂದ ನಾನು ದೇವರನ್ನು ಬೇಡುತ್ತಿದ್ದ ನಗು ಅದು. ಡ್ರಮ್ಮಿನ ಬುಡದಲ್ಲಿ ನೆನೆದು ಬಿದ್ದಿದ್ದ ನಾನು, ಅದನ್ನು ಕೇಳಿ ಸಂತೋಷಪಡಬೇಕೋ, ಎಡಗೈಗೆ ಸಿಕ್ಕ ಚೊಂಬು ಎಸೆಯಬೇಕೋ ತಿಳಿಯದೆ ಜೋರಾಗಿ ಅತ್ತೆ. ಆಗ ಅವರ ನಗು ನಿಂತಿತು. ಮುಖ ಬಿಳಿಚಿಕೊಂಡಿತು. ನನ್ನನ್ನು ಎತ್ತಿ ಆಟೋದಲ್ಲಿ ಕೂರಿಸಿ, ದವಾಖಾನೆಯವರೆಗೂ ನನ್ನ ಎಡಗೈ ಬಿಡಲಿಲ್ಲ. "ನೀ ಒಬ್ಬಾಕಿ ಅರ ಹೇಳು ಬೇ, ಎಲ್ಲಿ ನೋಯ್ತದ ಹೇಳು," ಎಂದು ದಾರಿಯುದ್ದಕ್ಕೂ ಅಂಗಲಾಚಿದರು. ನಾನು ಹೇಳಿದೆ. ಎಲ್ಲೆಲ್ಲಿ ನೋಯುತ್ತಿದೆ ಎಂಬುದನ್ನು, ನೋಯದ ಜಾಗಗಳನ್ನೂ ಸೇರಿಸಿ, ಸವಿಸ್ತಾರವಾಗಿ ಹೇಳಿದೆ.

ಮಣಿಕಟ್ಟು ಮುರಿದಿತ್ತು. ಮೊಣಕೈವರೆಗೆ ಪ್ಲಾಸ್ಟರ್ ಬಿತ್ತು.

ಸುದ್ದಿ ಕೇಳಿ ನರೋಣಾದಿಂದ ನಮ್ಮಣ್ಣ ಅಂಬಾರಾಯ ಬಾಳೆಹಣ್ಣು ಹಿಡಿದುಕೊಂಡು ಬಂದ. ತಂಗಿಯ ಪರವಾಗಿ ಭಾವಮೈದುನನಿಗೆ ನಾಲ್ಕು ಮಾತು ಅಂದಾನು ಎಂದು ನಾನು ಪ್ಲಾಸ್ಟರಿನ ಕೈಯನ್ನು ಎದ್ದು ಕಾಣುವಂತೆ ಇಟ್ಟುಕೊಂಡಿದ್ದೆ. "ಹ್ಯಾಂಗಾಯ್ತವ್ವಾ?" ಎಂದ. ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ನಮ್ಮವರು, "ಬರ್ರಿ, ತೋರಸ್ತೇನಿ," ಎಂದು ಅಂಗಳಕ್ಕೆ ಕರೆದೊಯ್ದರು. ಇಬ್ಬರೂ ಕಾಲು ಬಿಚ್ಚಿದರು, ಮಡಚಿದರು, ಬಿಚ್ಚಿದರು. ಹೋಗುವಾಗ ಅಣ್ಣ ರ‍್ಯಾಂಪನ್ನು ಹಗ್ಗ ಹಿಡಿದು ಎತ್ತಿಕೊಂಡು ನರೋಣಾದ ಬಸ್ಸು ಹತ್ತಿದ. ಅವನ ಮಕ್ಕಳಿಗೂ ಬೇಕಂತೆ; ಅತ್ತೆಯ ಹಲಗೆಯನ್ನು ನಮ್ಮವರೇ ಖುಷಿಯಿಂದ ಕೊಟ್ಟರು. ನನ್ನ ಕೈ ಹೇಗಿದೆಯೆಂದು ಎರಡನೆಯ ಸಲ ಕೇಳುವುದನ್ನು ಮರೆತ.

ಸೃಷ್ಟಿ ಮುಖ ಊದಿಸಿಕೊಂಡಳು. "ಅಳಬ್ಯಾಡ. ಇದಕ್ಕಿಂತ ದೊಡ್ಡದು ಮಾಡ್ತೇನಿ," ಎಂದರು ಅವರಪ್ಪ.

ಒಳಕೋಣೆಯಲ್ಲಿ ಮಲಗಿದ್ದ ನನಗೆ ಟಕ್ ಟಕ್ ಸಪ್ಪಳ ಕೇಳಿ ಎಚ್ಚರವಾಯಿತು. ನಮ್ಮವರು ನನ್ನ ಸೀರೆಯ ಕಪಾಟಿನ ಬಾಗಿಲನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದರು.

"ಇದು ಪ್ಲೈವುಡ್ ಅದ ಅಲ್ಲಾ?"

"ಮುಟ್ಟಿದ್ರ ನೋಡ್ರಿ!" ಎಂದು ಎದ್ದು ಕುಳಿತೆ. "ನಮ್ಮಪ್ಪ ಮದವಿಗಿ ಕೊಟ್ಟದ್ದು!"

"ಒಂದೇ ಬಾಗಲಾ ಕೇಳಾಕತ್ತೇನಿ. ಇನ್ನೊಂದು ನಿಂಗೇ ಇರ್ತದಲ್ಲ?"

"ಒಂದ್ ಬಾಗಲದ ಕಪಾಟ ಯಾರರ ಇಡ್ತಾರೇನ್ರಿ?"

"ಅವ್ವ ಇದ್ದಿದ್ರ," ಎಂದರು ಅವರು, ಬಾಗಿಲ ಮೇಲೆ ಕೈಯಿಟ್ಟುಕೊಂಡೇ, "ಕೊಡಬೇ ವಿದ್ಯಾ, ಪಾಪ ಕೇಳಾಕತ್ತಾನ, ಅಂತಿದ್ಲು ನೋಡು."

ಅತ್ತೆಯ ದನಿಯನ್ನು ಹಾಗೆಯೇ ತೆಗೆದಿದ್ದರು. ಮೂಗಿನಿಂದ ಬರುವ ಆ ರಾಗ, ಕೊನೆಯಲ್ಲಿ ಬರುವ ಆ ಕೆಮ್ಮು, ಎಲ್ಲ. ಹೇಳಿ ನನ್ನ ಮುಖ ನೋಡಿದರು. ಅವರ ಕಣ್ಣು ಒದ್ದೆಯಾಗಿತ್ತು, ತುಟಿಯ ಮೇಲೆ ನಗುವಿತ್ತು.

ಎದ್ದು ಹೋಗಿ, ಎಡಗೈಯೊಂದರಿಂದಲೇ, ಆ ಬಾಗಿಲಿಗೆ ನೇತುಹಾಕಿದ್ದ ನನ್ನ ಸೀರೆಗಳನ್ನು ಒಂದೊಂದಾಗಿ ತೆಗೆಯತೊಡಗಿದೆ.